ಬಾಂಡ್, ಬ್ಯಾಚ್, ಅಸೆಸ್‌ಮೆಂಟ್: ತಂತ್ರಜ್ಞಾನ ಕಂಪನಿಗಳ ತರಬೇತಿಯ ಬಗ್ಗೆ ಓದುಗರ ಪ್ರಶ್ನೆಗಳು

ಸಾಫ್ಟ್‌ವೇರ್ ಕಂಪನಿಗಳ ತರಬೇತಿ ವಿಭಾಗಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದವನೆಂಬ ಕಾರಣಕ್ಕೆ ಸಂಪಾದಕರು ಈ ಸಂಚಿಕೆಯ ಪತ್ರಗಳನ್ನು ನನಗೆ ಕಳುಹಿಸಿಕೊಟ್ಟಿದ್ದಾರೆ. ಇಷ್ಟು ಕಾಲ ಕೆಲಸ ಬಿಡುವುದಿಲ್ಲವೆಂದು ಬರೆದುಕೊಡುವ ಬಾಂಡಿನ ಬಗ್ಗೆಯೇ ಹಲವರು ಬರೆದಿದ್ದರಿಂದ ಆ ಪತ್ರಗಳನ್ನು ಒಂದೇ ಪ್ರಶ್ನೆಯಾಗಿ ಕೂಡಿಸಿದ್ದೇನೆ. ಪತ್ರ ಬರೆದವರ ಹೆಸರುಗಳನ್ನೂ ಅವರು ದೂರಿದ ಕಂಪನಿಗಳ ಹೆಸರುಗಳನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ನನ್ನ ಮಗ ನಾಲ್ಕು ವರ್ಷ ಎಂಜಿನಿಯರಿಂಗ್ ಓದಿದ. ಕೆಲಸ ಸಿಕ್ಕ ಮೇಲೂ ಅವನನ್ನು ತಿಂಗಳುಗಟ್ಟಲೆ ತರಗತಿಯಲ್ಲಿ ಕೂರಿಸಿ ಮತ್ತೆ ಪಾಠ ಹೇಳುತ್ತಿದ್ದಾರೆ. ಹಾಗಿದ್ದರೆ ಲಕ್ಷಗಟ್ಟಲೆ ಶುಲ್ಕ ಪಡೆದ ಕಾಲೇಜು ಅವನಿಗೆ ಕಲಿಸಿದ್ದಾದರೂ ಏನು?
*ನಿವೃತ್ತ ಅಧ್ಯಾಪಕರು, ಅರಸೀಕೆರೆ*

ತಮ್ಮ ಸಿಟ್ಟಿನಲ್ಲಿ ಅರ್ಧ ನ್ಯಾಯವಿದೆ. ಉಳಿದ ಅರ್ಧಕ್ಕೆ ಸ್ವಲ್ಪ ಇತಿಹಾಸ ಹೇಳಬೇಕಾಗುತ್ತದೆ. 1990ರ ದಶಕದಲ್ಲಿ ಹೊರದೇಶದ ಕೆಲಸ ಭಾರತಕ್ಕೆ ಹರಿದು ಬರತೊಡಗಿದಾಗ ಕಂಪನಿಗಳಿಗೆ ಬೇಕಾದಷ್ಟು ಕಂಪ್ಯೂಟರ್ ಸೈನ್ಸ್ ಪದವೀಧರರು ದೇಶದಲ್ಲಿ ಇರಲಿಲ್ಲ. ಹಾಗಾಗಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಯಾವುದಾದರೂ ಸರಿ, ತರ್ಕ ಬಲ್ಲ, ಹೇಳಿಕೊಟ್ಟರೆ ಹಿಡಿದುಕೊಳ್ಳಬಲ್ಲ ಹುಡುಗ ಹುಡುಗಿಯರನ್ನು ಆರಿಸಿ ಪ್ರೋಗ್ರಾಮಿಂಗ್ ಅನ್ನು ತಾವೇ ಕಲಿಸುವ ಪದ್ಧತಿ ಬಂತು. ವಿಪ್ರೊ 1995ರಲ್ಲಿ ಪಿಲಾನಿಯ ಬಿಟ್ಸ್ ಸಂಸ್ಥೆಯ ಜೊತೆ ಸೇರಿ, ಬಿಎಸ್ಸಿ ಓದಿದವರನ್ನು ಕೆಲಸಕ್ಕೆ ತೆಗೆದುಕೊಂಡು ದುಡಿಯುತ್ತಲೇ ಸ್ನಾತಕೋತ್ತರ ಪದವಿ ಓದಿಸುವ ಕಾರ್ಯಕ್ರಮವನ್ನು ಆರಂಭಿಸಿತು. ಇನ್ಫೊಸಿಸ್ ಮೈಸೂರಿನ ಹೆಬ್ಬಾಳದಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆಯಲ್ಲಿ ವಸತಿ ಸಹಿತ ತರಬೇತಿ ಕೇಂದ್ರವನ್ನೇ ಕಟ್ಟಿತು. 2009ರಲ್ಲಿ ಅದರ ಎರಡನೆಯ ಕಟ್ಟಡ ಸೇರಿದ ಮೇಲೆ ಏಕಕಾಲಕ್ಕೆ ಹದಿಮೂರು ಹದಿನಾಲ್ಕು ಸಾವಿರ ಮಂದಿಗೆ ಪಾಠ ಹೇಳುವಷ್ಟು ಸಾಮರ್ಥ್ಯ ಅದಕ್ಕೆ ಬಂತು. ನಮ್ಮ ಎಷ್ಟೋ ತಾಲ್ಲೂಕು ಕೇಂದ್ರಗಳ ಎಲ್ಲ ಕಾಲೇಜುಗಳನ್ನು ಕೂಡಿಸಿದರೂ ಅಷ್ಟು ವಿದ್ಯಾರ್ಥಿಗಳಾಗುವುದಿಲ್ಲ. ಅಂದರೆ ಕಾಲೇಜು ಕಲಿಸಲಿಲ್ಲವೆಂದು ಕಂಪನಿ ಕಲಿಸುತ್ತಿದೆ ಎನ್ನುವುದಕ್ಕಿಂತ, ಕಾಲೇಜು ಏನು ಕಲಿಸಿದೆ ಎಂಬುದನ್ನು ನೆಚ್ಚದೆ ಎಲ್ಲರನ್ನೂ ಒಂದೇ ಗೆರೆಗೆ ತಂದು ನಿಲ್ಲಿಸುವ ವ್ಯವಸ್ಥೆ ಇದು ಎನ್ನುವುದು ಹೆಚ್ಚು ಸರಿ. ನಿಮ್ಮ ಮಗನ ಪಕ್ಕದಲ್ಲಿ ಕೂತವನು ಸಿವಿಲ್ ಓದಿದವನಾಗಿರಬಹುದು. ಅವನಿಗೂ ಇವನಿಗೂ ಪಾಠ ಒಂದೇ.

ಕಾಲೇಜಿನ ತಪ್ಪು ಬೇರೆಡೆ ಇದೆ. ಅಲ್ಲಿ ವಿದ್ಯಾರ್ಥಿ ಇನ್ನೂರು ಸಾಲಿನ ಪ್ರೋಗ್ರಾಮನ್ನು ಒಬ್ಬನೇ ಬರೆದು, ಪ್ರಯೋಗಾಲಯದಲ್ಲಿ ಒಮ್ಮೆ ಓಡಿಸಿ, ಅಂಕ ಪಡೆದು, ಮರೆತುಬಿಡುತ್ತಾನೆ. ಕಂಪನಿಯಲ್ಲಿ ಅವನ ಕೈಗೆ ಬರುವುದು ಹತ್ತು ವರ್ಷಗಳ ಹಿಂದೆ ಯಾರೋ ಬರೆದ, ಬರೆದವರು ಈಗ ಅಲ್ಲಿಲ್ಲದ, ಲಕ್ಷಾಂತರ ಸಾಲುಗಳ ಕೋಡ್. ಅದರಲ್ಲಿ ಮೂರು ಸಾಲು ತಿದ್ದಬೇಕು, ತಿದ್ದಿದ್ದರಿಂದ ಬೇರೆಲ್ಲೂ ಏನೂ ಕೆಡಬಾರದು. ಇನ್ನೊಬ್ಬರ ಕೋಡನ್ನು ಓದುವ ಈ ವಿದ್ಯೆಯನ್ನು ಕಾಲೇಜು ಕಲಿಸುವುದಿಲ್ಲ. ಹೊಟ್ಟೆಪಾಡಿಗಾಗಿ ಅದೇ ವ್ಯವಸ್ಥೆಯೊಳಗೆ ದುಡಿದವನಾಗಿ ಒಪ್ಪಿಕೊಳ್ಳುತ್ತೇನೆ, ನಮ್ಮ ತರಬೇತಿ ಕೇಂದ್ರಗಳೂ ಅದನ್ನು ಕಲಿಸುವುದು ಅಪರೂಪ. ಅಲ್ಲಿ ಕಲಿಸುವುದು ಒಂದು ಪ್ರೋಗ್ರಾಮಿಂಗ್ ಭಾಷೆ, ಡೇಟಾಬೇಸ್, ಪ್ರೋಗ್ರಾಮ್ ಸರಿಯಾಗಿ ಓಡುತ್ತದೆಯೇ ಎಂದು ನೋಡುವ ಟೆಸ್ಟಿಂಗ್, ಕ್ಲೈಂಟಿಗೆ ಇಮೇಲ್ ಬರೆಯುವ ರೀತಿ, ಇಷ್ಟನ್ನೇ. ನಿಮ್ಮ ಮಗ ಪ್ರಾಜೆಕ್ಟಿಗೆ ಸೇರಿ, ಅವನು ಬರೆದುದನ್ನು ಹಿರಿಯರೊಬ್ಬರು ಓದಿ, ‘ಇದು ಹೀಗಲ್ಲ’ ಎಂದು ತಿದ್ದತೊಡಗಿದ ದಿನದಿಂದ ಅವನ ನಿಜವಾದ ಅಭ್ಯಾಸ ಶುರುವಾಗುತ್ತದೆ. ಅಂಥವರು ಅವನ ತಂಡದಲ್ಲಿದ್ದಾರೆಯೇ ಎಂದು ಮುಂದೆ ಫೋನ್ ಮಾಡಿದಾಗ ಕೇಳಿ ನೋಡಿ.

ಪ್ರಶ್ನೆ: ಸೇರುವಾಗ ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡರು. ಮಧ್ಯೆ ಬಿಟ್ಟರೆ ತರಬೇತಿಯ ವೆಚ್ಚವೆಂದು 2 ಲಕ್ಷ ರೂಪಾಯಿ ಕಟ್ಟಬೇಕಂತೆ. ಅಸಲು ಅಂಕಪಟ್ಟಿಯನ್ನೂ ಕೇಳುತ್ತಿದ್ದಾರೆ. ತರಬೇತಿ ಎಂದರೆ ಮೂರು ವಾರ ವಿಡಿಯೊ ನೋಡಿಸಿದ್ದು ಅಷ್ಟೇ. ಈ ಬಾಂಡಿಗೆ ಕಾನೂನಿನಲ್ಲಿ ಬೆಲೆ ಇದೆಯೇ?
*ದಾವಣಗೆರೆ, ಹಾಸನ, ಬೆಂಗಳೂರಿನಿಂದ ಹಲವರು*

‘ಬಾಂಡ್ ಎಂಬುದೇ ಅಕ್ರಮ, ಹರಿದು ಎಸೆಯಿರಿ’ ಎನ್ನುವ ಸ್ನೇಹಿತರ ಮಾತನ್ನೂ, ‘ಸಹಿ ಹಾಕಿದ ಮೇಲೆ ಮುಗಿಯಿತು’ ಎನ್ನುವ ಎಚ್‌ಆರ್ ವಿಭಾಗದ ಮಾತನ್ನೂ ನಂಬಬೇಡಿ. ನಿಮ್ಮಿಂದ ಬಲವಂತವಾಗಿ ಕೆಲಸ ಮಾಡಿಸುವಂತೆ ಯಾವ ನ್ಯಾಯಾಲಯವೂ ಆದೇಶಿಸುವುದಿಲ್ಲ. ವ್ಯಕ್ತಿಯ ಸ್ವಂತ ಸೇವೆಯನ್ನು ಅವಲಂಬಿಸಿದ ಒಪ್ಪಂದವನ್ನು ಹಾಗೆ ಜಾರಿ ಮಾಡಿಸಲು ಬರುವುದಿಲ್ಲ. ಕೆಲಸ ಬಿಟ್ಟ ಮೇಲೆ ಪ್ರತಿಸ್ಪರ್ಧಿ ಕಂಪನಿಗೆ ಸೇರಕೂಡದು ಎಂಬ ಷರತ್ತು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಮಿನ ಮುಂದೆ ಸಾಮಾನ್ಯವಾಗಿ ನಿಲ್ಲುವುದಿಲ್ಲ. ಆದರೆ ಕೆಲಸದಲ್ಲಿ ಇರುವ ಅವಧಿಗೆ ಸಂಬಂಧಿಸಿದ ಷರತ್ತಿನ ಕಥೆ ಬೇರೆ, ಬಾಂಡ್ ಬರುವುದು ಅಲ್ಲಿ.

ಈ ವಿಷಯದಲ್ಲಿ ಈಚಿನ ಮುಖ್ಯ ತೀರ್ಪು ನಮ್ಮ ನಾಡಿನ ಪ್ರಕರಣವೊಂದರಿಂದಲೇ ಹುಟ್ಟಿತು. ವಿಜಯಾ ಬ್ಯಾಂಕಿನ ಅಧಿಕಾರಿಯೊಬ್ಬರು ಮೂರು ವರ್ಷ ಪೂರೈಸದೆ 2009ರಲ್ಲಿ ಬೇರೆ ಬ್ಯಾಂಕಿಗೆ ಹೊರಟಾಗ ಬಾಂಡಿನಂತೆ 2 ಲಕ್ಷ ರೂಪಾಯಿ ಕಟ್ಟಬೇಕಾಗಿ ಬಂತು. ಅವರು ಆಕ್ಷೇಪಿಸುತ್ತಲೇ ಕಟ್ಟಿ, ನ್ಯಾಯಾಲಯಕ್ಕೆ ಹೋದರು. ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ನೀಡಿತು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ ಬಾಂಡನ್ನು ಎತ್ತಿಹಿಡಿಯಿತು. ಈ ಸುದ್ದಿಯನ್ನು ಹಿಡಿದು ಕೆಲವು ಕಂಪನಿಗಳು ಹುಡುಗರನ್ನು ಹೆದರಿಸುತ್ತಿರುವುದು ಪತ್ರಗಳಿಂದ ತಿಳಿಯುತ್ತದೆ. ಆದರೆ ತೀರ್ಪಿನ ಕಾರಣಗಳನ್ನು ಗಮನಿಸಬೇಕು. ಸಾರ್ವಜನಿಕ ವಲಯದ ಬ್ಯಾಂಕು ಜಾಹೀರಾತು ಕೊಟ್ಟು, ಮುಕ್ತ ಸ್ಪರ್ಧೆಯ ಮೂಲಕವೇ ನೇಮಕ ಮಾಡಿಕೊಳ್ಳಬೇಕಾದುದರಿಂದ ಮರುನೇಮಕದ ಖರ್ಚು ದೊಡ್ಡದೆಂದೂ, ಆ ಅಧಿಕಾರಿ ಒಳ್ಳೆಯ ಸಂಬಳದ ಹಿರಿಯ ಹುದ್ದೆಯಲ್ಲಿದ್ದುದರಿಂದ ಆ ಮೊತ್ತ ಅತಿಯಾದುದಲ್ಲವೆಂದೂ ನ್ಯಾಯಾಲಯ ಎಣಿಸಿತು. ತಿಂಗಳಿಗೆ ಇಪ್ಪತ್ತು ಸಾವಿರ ಸಂಬಳದ ಹೊಸಬರಿಗೆ ಮೂರು ವಾರ ವಿಡಿಯೊ ತೋರಿಸಿ, ಅದಕ್ಕೆ 2 ಲಕ್ಷ ಬೆಲೆ ಕಟ್ಟಿದ ಖಾಸಗಿ ಕಂಪನಿಗೆ ಅದೇ ಕಾರಣಗಳು ತಾನಾಗಿ ಅನ್ವಯಿಸುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಬಾಂಡಿನಲ್ಲಿ ನಮೂದಿಸಿದ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ಸಮಂಜಸವಾದ ಪರಿಹಾರ ಎಷ್ಟೋ ಅಷ್ಟನ್ನೇ ನ್ಯಾಯಾಲಯ ಕೊಡಿಸುತ್ತದೆ. ಆದ್ದರಿಂದ ಏನು ಕಲಿಸಿದರು, ಎಷ್ಟು ದಿನ, ಯಾರು ಕಲಿಸಿದರು ಎಂಬ ವಿವರಗಳನ್ನು ನೀವು ದಿನಾಂಕ ಸಹಿತ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಸಲು ಅಂಕಪಟ್ಟಿಯನ್ನು ತೋರಿಸಿ, ಅಲ್ಲೇ ಹಿಂದಕ್ಕೆ ಪಡೆದುಕೊಳ್ಳಿ. ನಕಲುಗಳನ್ನು ಕೊಟ್ಟರೆ ಸಾಕು. ಅದಕ್ಕಿಂತ ಮುಖ್ಯವಾಗಿ, ಮೊತ್ತ ಬರೆಯದೆ ಸಹಿ ಮಾಡಿದ ಚೆಕ್ಕನ್ನು ಎಂದಿಗೂ ಕೊಡಬೇಡಿ. ಬಾಂಡಿನ ಜಗಳ ಸಿವಿಲ್ ವ್ಯಾಜ್ಯ. ಚೆಕ್ ಬೌನ್ಸ್ ಆದರೆ ಅದು ಕ್ರಿಮಿನಲ್ ಪ್ರಕರಣವಾಗುತ್ತದೆ. ಈಗಾಗಲೇ ಸಹಿ ಹಾಕಿದವರು, ದುಡಿದ ತಿಂಗಳುಗಳಿಗೆ ಅನುಗುಣವಾಗಿ ಮೊತ್ತ ಇಳಿಯುತ್ತದೆಯೇ ಎಂದು ಇಮೇಲಿನಲ್ಲೇ ಕೇಳಿ, ಉತ್ತರವನ್ನು ಕಾಪಾಡಿಕೊಳ್ಳಿ. ಹೆಚ್ಚಿನ ಸಂದರ್ಭಗಳಲ್ಲಿ ಕಂಪನಿಯ ನಿಜವಾದ ಹಿಡಿತ ಇರುವುದು ಬಾಂಡಿನಲ್ಲಲ್ಲ, ಕೆಲಸದಿಂದ ಬಿಡುಗಡೆಯಾಯಿತೆಂದು ಕೊಡುವ ರಿಲೀವಿಂಗ್ ಲೆಟರಿನಲ್ಲಿ. ಬಿಡುವುದಾಗಿ ತಿಳಿಸಿದ ಮೇಲೆ ದುಡಿಯಬೇಕಾದ ನೋಟಿಸ್ ಅವಧಿಯನ್ನು ಸರಿಯಾಗಿ ಪೂರೈಸಿದವರ ಮಾತಿಗೆ ಆಗ ತೂಕ ಬರುತ್ತದೆ. ಕಂಪನಿಯ ಕಾನೂನು ನೋಟಿಸ್ ಕೈಗೆ ಬಂದಿದ್ದರೆ ಮಾತ್ರ ಈ ಅಂಕಣವನ್ನು ನೆಚ್ಚದೆ ವಕೀಲರ ಬಳಿಗೆ ಹೋಗಿ.

ಪ್ರಶ್ನೆ: ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ, ಬಿಎಸ್ಸಿ ಮುಗಿಸಿ, ಬೆಂಗಳೂರಿನಲ್ಲಿ ತರಬೇತಿಗೆ ಸೇರಿದ್ದೇನೆ. ಇದು ಐದನೇ ವಾರ. ಮೊದಲ ಅಸೆಸ್‌ಮೆಂಟಿನಲ್ಲಿ ಫೇಲಾದೆ. ತರಗತಿಯಲ್ಲಿ ಎಲ್ಲವೂ ಅರ್ಥವಾದಂತೆ ಇರುತ್ತದೆ, ರಾತ್ರಿ ಲ್ಯಾಪ್‌ಟಾಪ್ ಮುಂದೆ ಕೂತರೆ ಕೈಯೇ ಓಡುವುದಿಲ್ಲ. ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಲು ನಾಚಿಕೆ. ಮನೆಯಲ್ಲಿ ಇನ್ನೂ ಹೇಳಿಲ್ಲ.
*ಓದುಗರೊಬ್ಬರು, ಸಿಂಧನೂರು*

ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಇದರಲ್ಲಿ ನನ್ನ ತಪ್ಪೂ ಇದೆ. ಪಾಠದ ಕೊನೆಗೆ ‘ಅರ್ಥವಾಯಿತೇ?’ ಎಂದು ಕೇಳಿ, ಅರವತ್ತು ತಲೆಗಳು ಆಡಿದ್ದನ್ನು ಕಂಡು ಮುಂದಿನ ಅಧ್ಯಾಯಕ್ಕೆ ಹೋಗುವ ಅಭ್ಯಾಸ ನನಗೂ ಬಹಳ ವರ್ಷ ಇತ್ತು. ತಲೆ ಆಡಿಸಿದವರು ಸುಳ್ಳು ಹೇಳುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ಅರ್ಥವಾಗಿತ್ತು. ಇನ್ನೊಬ್ಬರು ಬೋರ್ಡಿನ ಮೇಲೆ ಬರೆದುದನ್ನು ನೋಡಿ ಗುರುತಿಸುವುದು ಬೇರೆ, ಖಾಲಿ ಪರದೆಯ ಮೇಲೆ ತಾನೇ ಬರೆಯುವುದು ಬೇರೆ ಎಂಬುದು ಅವರಿಗೂ ನನಗೂ ಹೊಳೆದಿರಲಿಲ್ಲ. ಪಕ್ಕದಲ್ಲಿ ನಿಂತು ಅಮ್ಮ ರೊಟ್ಟಿ ತಟ್ಟುವುದನ್ನು ಇಪ್ಪತ್ತು ವರ್ಷ ನೋಡಿದವರಿಗೂ ಮೊದಲ ರೊಟ್ಟಿ ಹರಿಯುತ್ತದೆ.

ಇದನ್ನು ಪರೀಕ್ಷಿಸಿ ನೋಡಿದವರಿದ್ದಾರೆ. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕದ ಮನಃಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಾಠವನ್ನು ಎರಡು ಸಲ ಓದಿದವರನ್ನೂ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರನ್ನೂ ಹೋಲಿಸಿದರು. ಐದು ನಿಮಿಷದ ನಂತರ ಎರಡು ಸಲ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಅವರಿಗೆ ಶೇ 42ರಷ್ಟು ನೆನಪಿದ್ದರೆ, ಮುಚ್ಚಿ ಬರೆದವರಿಗೆ ಶೇ 56ರಷ್ಟು ನೆನಪಿತ್ತು. ನೀವು ರಾತ್ರಿ ಮಾಡುತ್ತಿರುವುದು ಬಹುಶಃ ನೋಟ್ಸನ್ನು ಮತ್ತೆ ಓದುವ ಕೆಲಸ. ಅದರ ಬದಲು ಬೆಳಿಗ್ಗೆ ತರಗತಿಯಲ್ಲಿ ಮಾಡಿದ ಪ್ರೋಗ್ರಾಮನ್ನು, ನೋಟ್ಸ್ ಮುಚ್ಚಿಟ್ಟು, ಮೊದಲ ಸಾಲಿನಿಂದ ನೀವೇ ಬರೆಯಿರಿ. ಕೆಂಪು ಗೆರೆಗಳು ಬರಲಿ; ದೋಷ ಸಂದೇಶವನ್ನು ಅಳಿಸಿ ಓಡಿಹೋಗದೆ, ಅದು ಹೇಳುವ ಸಾಲಿನ ಸಂಖ್ಯೆಗೆ ಹೋಗಿ. ಮೂರು ದಿನ ಬಿಟ್ಟು ಅದೇ ಪ್ರೋಗ್ರಾಮನ್ನು ಮತ್ತೊಮ್ಮೆ ಬರೆಯಿರಿ. ಮೊದಲ ವಾರ ಇದು ಬಹಳ ನಿಧಾನವೆನಿಸುತ್ತದೆ, ಉಳಿದವರೆಲ್ಲ ಮುಂದೆ ಹೋದರೆಂಬ ಭಯವೂ ಆಗುತ್ತದೆ. ಆದರೂ ಬಿಡಬೇಡಿ.

ಇಂಗ್ಲಿಷಿನ ವಿಷಯಕ್ಕೆ ಬಂದರೆ, ಎದ್ದು ನಿಂತು ಕೇಳಬೇಕೆಂಬ ಕಟ್ಟಳೆ ಏನೂ ಇಲ್ಲ. ಏನು ಮಾಡಿದೆ, ಏನಾಗಬೇಕಿತ್ತು, ಏನಾಯಿತು ಎಂಬ ಮೂರು ಸಾಲುಗಳನ್ನು ಬರೆದು, ದೋಷ ಸಂದೇಶವನ್ನು ಅದರ ಕೆಳಗೆ ಅಂಟಿಸಿ, ಬೋಧಕರಿಗೆ ಚಾಟಿನಲ್ಲಿ ಕಳುಹಿಸಿ. ಹತ್ತು ವರ್ಷ ಅನುಭವವಿರುವ ಎಂಜಿನಿಯರುಗಳು ಪರಸ್ಪರ ಪ್ರಶ್ನೆ ಕೇಳುವುದೂ ಹೀಗೆಯೇ, ವ್ಯಾಕರಣವನ್ನು ಅಲ್ಲಿ ಯಾರೂ ನೋಡುವುದಿಲ್ಲ. ಬ್ಯಾಚಿನಲ್ಲಿ ಕನ್ನಡ ಬಲ್ಲ ಒಬ್ಬರಿಗೆ ದಿನವೂ ಹತ್ತು ನಿಮಿಷ ಅಂದಿನ ಪಾಠವನ್ನು ಕನ್ನಡದಲ್ಲೇ ವಿವರಿಸಿ. ಎಲ್ಲಿ ಮಾತು ನಿಲ್ಲುತ್ತದೆಯೋ ಅಲ್ಲಿ ನಿಮಗೆ ಅರ್ಥವಾಗಿಲ್ಲ ಎಂದು ಗೊತ್ತಾಗುತ್ತದೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಪಾಠಗಳನ್ನು ಉಚಿತವಾಗಿ ನೋಡಬಹುದು. ಅವುಗಳಲ್ಲಿ ಹಲವಕ್ಕೆ ಕನ್ನಡ ಅನುವಾದದ ಪಠ್ಯವೂ ಲಭ್ಯವಿದೆ.

ಪಾಸಾಗಲು ಎಷ್ಟು ಅಂಕ ಬೇಕು, ಇನ್ನು ಎಷ್ಟು ಅವಕಾಶಗಳಿವೆ, ಅವು ಯಾವ ದಿನ ಎಂಬುದನ್ನು ಇಂದೇ ಇಮೇಲ್ ಮಾಡಿ ಕೇಳಿ, ಲಿಖಿತ ಉತ್ತರ ಪಡೆಯಿರಿ. ತರಬೇತಿಯ ನಡುವೆ ನಿಯಮ ಬದಲಾಗಿ ಮಕ್ಕಳು ಮನೆಗೆ ಹೋದದ್ದನ್ನು ನಾನು ಕಂಡಿದ್ದೇನೆ. ಮನೆಯಲ್ಲಿಯೂ ಹೇಳಿಬಿಡಿ. ಮುಚ್ಚಿಟ್ಟ ಭಾರ ಹೊತ್ತುಕೊಂಡು ಕೋಡ್ ಬರೆಯುವುದು ಕಷ್ಟ.

ಪ್ರಶ್ನೆ: ನನಗೀಗ 44 ವರ್ಷ, ಟೆಸ್ಟಿಂಗ್ ವಿಭಾಗದಲ್ಲಿದ್ದೇನೆ. ವರ್ಷಕ್ಕೆ 40 ಗಂಟೆ ಆನ್‌ಲೈನ್ ಕೋರ್ಸ್ ಮುಗಿಸಲೇಬೇಕು, ಇಲ್ಲವಾದರೆ ವರ್ಷದ ಕೆಲಸದ ಮೌಲ್ಯಮಾಪನಕ್ಕೆ (ಅಪ್ರೈಸಲ್) ಪೆಟ್ಟು. ಎಲ್ಲರಂತೆ ನಾನೂ ವಿಡಿಯೊವನ್ನು ದುಪ್ಪಟ್ಟು ವೇಗದಲ್ಲಿ ಓಡಲು ಬಿಟ್ಟು ಕೆಲಸ ಮಾಡುತ್ತೇನೆ. ಎಐ ಬಂದು ನನ್ನ ಕೆಲಸ ಹೋಗುತ್ತದೆಂಬ ಭಯವೂ ಇದೆ. ಏನು ಕಲಿಯಲಿ?
*ಬೆಂಗಳೂರು*

ಆ 40 ಗಂಟೆಯ ಲೆಕ್ಕ ನಿಮಗಾಗಿ ಇಟ್ಟದ್ದಲ್ಲ, ವರ್ಷಾಂತ್ಯದ ವರದಿಗಾಗಿ ಇಟ್ಟದ್ದು. ತರಬೇತಿಯ ಫಲವನ್ನು ಅಳೆಯುವ ನಾಲ್ಕು ಮೆಟ್ಟಿಲುಗಳನ್ನು ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಹೇಳಿದ್ದರು: ಕಲಿತವರಿಗೆ ಇಷ್ಟವಾಯಿತೇ, ಅವರು ಕಲಿತರೇ, ಕೆಲಸದ ರೀತಿ ಬದಲಾಯಿತೇ, ಸಂಸ್ಥೆಗೆ ಪ್ರಯೋಜನವಾಯಿತೇ. ಅರವತ್ತಕ್ಕೂ ಹೆಚ್ಚು ವರ್ಷಗಳಾದ ಮೇಲೂ ಬಹುಪಾಲು ಕಂಪನಿಗಳು ಮೊದಲ ಮೆಟ್ಟಿಲಿನಲ್ಲೇ ನಿಂತಿವೆ. ಗಂಟೆ ಎಣಿಸುವವರು ಆ ಮೆಟ್ಟಿಲನ್ನೂ ಹತ್ತಿಲ್ಲ. ಆದ್ದರಿಂದ ವಿಡಿಯೊ ಓಡಲು ಬಿಡುವ ನಿಮ್ಮನ್ನು ನಾನು ಬೈಯುವುದಿಲ್ಲ. ಒಂದು ಮಾತನ್ನು ಮಾತ್ರ ಸೇರಿಸುತ್ತೇನೆ. ಮಾಹಿತಿ ಸುರಕ್ಷತೆಯ ಪಾಠವನ್ನೂ, ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪಾಠವನ್ನೂ ಹಾಗೆ ಓಡಿಸಬೇಡಿ; ಎರಡನೆಯದರ ಬಗ್ಗೆ ಅರಿವು ಮೂಡಿಸುವುದು ಮಾಲೀಕರ ಮೇಲೆ ಕಾನೂನು ಹೊರಿಸಿದ ಹೊಣೆ.

ಏನು ಕಲಿಯಬೇಕೆಂಬುದಕ್ಕೆ ಉತ್ತರ ನಿಮ್ಮ ಮೇಜಿನ ಮೇಲೆಯೇ ಇದೆ. ಪ್ರತಿ ವಾರ ಕೈಯಿಂದ ಮಾಡುವ, ನಿಮಗೆ ಬೇಸರ ತರಿಸುವ ಒಂದು ಪರೀಕ್ಷೆಯನ್ನು ಆರಿಸಿಕೊಳ್ಳಿ. ಅದನ್ನು ಸ್ವಯಂಚಾಲಿತಗೊಳಿಸುವ ಸಣ್ಣ ಪ್ರೋಗ್ರಾಮನ್ನು (ಸ್ಕ್ರಿಪ್ಟ್) ಎಐ ಸಹಾಯ ಪಡೆದೇ ಬರೆಯಿರಿ, ಆದರೆ ಅದು ಕೊಟ್ಟ ಪ್ರತಿ ಸಾಲೂ ಏಕೆ ಅಲ್ಲಿದೆ ಎಂದು ವಿವರಿಸಲು ಬರುವವರೆಗೆ ಅದನ್ನು ಚಾಲನೆಗೆ ಬಿಡಬೇಡಿ. ತಂಡದಲ್ಲಿರುವ ಕಿರಿಯರೊಬ್ಬರಿಂದ ರಿವ್ಯೂ ಮಾಡಿಸಿ. ಇಪ್ಪತ್ತೈದರ ಹುಡುಗಿ ನಿಮ್ಮ ಕೋಡನ್ನು ತಿದ್ದುವಾಗ ಮೊದಲೆರಡು ವಾರ ಮುಜುಗರವಾಗುತ್ತದೆ, ಆಮೇಲೆ ಅಭ್ಯಾಸವಾಗುತ್ತದೆ. ಪ್ರತಿಯಾಗಿ ನಿಮ್ಮಲ್ಲಿ ಅವಳಿಗೆ ಕೊಡಲು ಬಹಳವಿದೆ. ಯಾವ ಗ್ರಾಹಕ ಯಾವ ಗುಂಡಿಯನ್ನು ಎರಡು ಸಲ ಒತ್ತುತ್ತಾನೆ, ಯಾವ ತಿಂಗಳ ಕೊನೆಗೆ ಯಾವ ವರದಿ ಕೈಕೊಡುತ್ತದೆ ಎಂಬುದು ಯಾವ ಕೋರ್ಸಿನಲ್ಲೂ ಇಲ್ಲ.

ಜೆರಾಕ್ಸ್ ಕಂಪನಿಯ ಕಥೆ ಇಲ್ಲಿ ನೆನಪಾಗುತ್ತದೆ. 1980ರ ದಶಕದಲ್ಲಿ ಜೂಲಿಯನ್ ಆರ್ ಎಂಬ ಮಾನವಶಾಸ್ತ್ರಜ್ಞ ಆ ಕಂಪನಿಯ ಯಂತ್ರ ದುರಸ್ತಿಗಾರರ ಜೊತೆ ಓಡಾಡಿ ನೋಡಿದರು. ಕಂಪನಿ ಕೊಟ್ಟ ಕೈಪಿಡಿ ಹೇಳದ ತೊಂದರೆಗಳನ್ನು ದುರಸ್ತಿಗಾರರು ಬಗೆಹರಿಸುತ್ತಿದ್ದುದು ತಿಂಡಿ, ಕಾಫಿಯ ಹೊತ್ತಿನಲ್ಲಿ ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳಿಂದ. ಮೇಲಿನವರ ಕಣ್ಣಿಗೆ ಅದು ಹರಟೆ. ಮುಂದೆ ಅದೇ ಕಂಪನಿ ದುರಸ್ತಿಗಾರರು ತಾವೇ ಬರೆದ ಸುಳಿವುಗಳನ್ನು ಎಲ್ಲರಿಗೂ ಸಿಗುವಂತೆ ಸಂಗ್ರಹಿಸಿತು. ನಿಮ್ಮ ಟೀಮ್ ಲೀಡ್ ಬಳಿ ಇನ್ನೊಂದು ಕೋರ್ಸನ್ನು ಕೇಳುವ ಬದಲು ಹೀಗೆ ತಂಡದವರು ಅನುಭವ ಹಂಚಿಕೊಳ್ಳಲು ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗಳಷ್ಟು ಬಿಡುವನ್ನು ಕೇಳಿ, ಅದನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿ. ಕೆಲಸ ಹೋಗುವುದಿಲ್ಲ ಎಂಬ ಭರವಸೆಯನ್ನು ನಾನು ಕೊಡಲಾರೆ. ಸಂದರ್ಶನದಲ್ಲಿ ತೋರಿಸಲು ನಿಮ್ಮದೇ ಕೈಯ ಕೆಲಸ ಇರುತ್ತದೆ ಎಂದಷ್ಟೇ ಹೇಳಬಲ್ಲೆ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ 45 ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತೇನೆ. ಒಂದು ವರ್ಷ ಕಲಿಸಿ ತಯಾರು ಮಾಡಿದರೆ ಹುಡುಗರು ಬೆಂಗಳೂರಿನ ಹಾದಿ ಹಿಡಿಯುತ್ತಾರೆ. ಕಲಿಸುವುದನ್ನೇ ನಿಲ್ಲಿಸಿಬಿಡಲೇ?
*ಉದ್ಯಮಿ, ಹುಬ್ಬಳ್ಳಿ*

ನಿಲ್ಲಿಸಿದರೆ ಹೋಗುವವರು ಹೋಗಿಯೇ ಹೋಗುತ್ತಾರೆ, ಕಲಿಯದವರು ನಿಮ್ಮಲ್ಲಿ ಉಳಿಯುತ್ತಾರೆ. ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರ ದಶಕದಲ್ಲಿ ಇದೇ ಸಮಸ್ಯೆಯನ್ನು ಬಿಡಿಸಿ ನೋಡಿದ್ದರು. ಎಲ್ಲೆಡೆ ಬೆಲೆ ಇರುವ ಸಾಮಾನ್ಯ ವಿದ್ಯೆಯನ್ನು ಕಲಿಸುವ ಖರ್ಚು ಕೊನೆಗೆ ಕಡಿಮೆ ಸಂಬಳದ ರೂಪದಲ್ಲಿ ಕಲಿಯುವವನ ಮೇಲೆಯೇ ಬೀಳುತ್ತದೆ, ಆ ಒಂದು ಸಂಸ್ಥೆಗೇ ಮೀಸಲಾದ ವಿದ್ಯೆಯ ಖರ್ಚನ್ನು ಸಂಸ್ಥೆ ಹೊರಲು ಅರ್ಥವಿದೆ ಎಂಬುದು ಅವರ ವಾದ. ನಿಮ್ಮ ಹುಡುಗರು ಮೊದಲ ವರ್ಷ ಕಡಿಮೆ ಸಂಬಳಕ್ಕೆ ದುಡಿದಾಗಲೇ ಶುಲ್ಕ ಕಟ್ಟಿದ್ದಾರೆ. ಎರಡನೆಯ ವರ್ಷವೂ ಅದೇ ಸಂಬಳವಾದರೆ ಬೆಂಗಳೂರಿನ ಬಸ್ಸು ಹತ್ತುವವರನ್ನು ದೂರಲಾಗದು. ಸಂಬಳವನ್ನು ವರ್ಷದ ಏರಿಕೆಯ ತಿಂಗಳವರೆಗೆ ಕಾಯದೆ, ಕೌಶಲ ಬಂದ ತಿಂಗಳೇ ಏರಿಸಿ.

ಇನ್ನೊಂದು ವಿಷಯ ತಮ್ಮ ಗಮನಕ್ಕೆ ಬಂದಿದೆಯೋ ಇಲ್ಲವೋ. 1961ರ ಅಪ್ರೆಂಟಿಸ್ ಕಾಯ್ದೆಯಡಿ 2019ರಲ್ಲಿ ನಿಯಮಗಳಿಗೆ ಬಂದ ತಿದ್ದುಪಡಿಯ ಪ್ರಕಾರ 30 ಅಥವಾ ಹೆಚ್ಚು ಜನರಿರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ 2.5ರಿಂದ ಶೇ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. 45 ಜನರಿರುವ ನಿಮಗೂ ಇದು ಅನ್ವಯಿಸುತ್ತದೆ. ಆಗ ಪದವೀಧರರಿಗೆ ಕನಿಷ್ಠ ಭತ್ಯೆ ತಿಂಗಳಿಗೆ 9,000 ರೂಪಾಯಿ ಎಂದು ನಿಗದಿಯಾಗಿತ್ತು. ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ತರಬೇತಿ ಯೋಜನೆಯಲ್ಲಿ ಕನಿಷ್ಠ ಭತ್ಯೆಯ ಅರ್ಧದಷ್ಟನ್ನು ಕೇಂದ್ರ ಸರ್ಕಾರ ಭರಿಸುತ್ತದೆ. ಈಗಿನ ದರವನ್ನು ಯೋಜನೆಯ ಪೋರ್ಟಲಿನಲ್ಲಿ ನೋಡಿಕೊಳ್ಳಿ. ಅದನ್ನು ಅಗ್ಗದ ಕೂಲಿಯ ದಾರಿಯೆಂದು ಬಳಸುವವರಿದ್ದಾರೆ, ತಾವು ಹಾಗೆ ಮಾಡಬೇಡಿ. ಊರಲ್ಲೇ ಬೇರು ಇರುವ ಧಾರವಾಡ, ಗದಗ, ಹಾವೇರಿಯ ಡಿಪ್ಲೊಮಾ ಮಕ್ಕಳನ್ನೂ ಬಿಎಸ್ಸಿ ಮಕ್ಕಳನ್ನೂ ಆ ಮೂಲಕ ಒಂದು ವರ್ಷ ನೋಡಿ, ಕಲಿಸಿ, ಉಳಿಸಿಕೊಳ್ಳಿ.

ಹೋಗುವವರನ್ನು ಪೂರ್ತಿ ತಡೆಯಲಾಗದು. ಹೋಗುವವರ ಜೊತೆ ತಿಳಿವಳಿಕೆ ಹೋಗದಂತೆ ಮಾತ್ರ ನೋಡಿಕೊಳ್ಳಬಹುದು. ಪ್ರತಿ ಗ್ರಾಹಕನ ಕೆಲಸವನ್ನು ಇಬ್ಬರು ಬಲ್ಲವರಾಗಿರಲಿ. ಇನ್ನೊಬ್ಬರು ಓದಿ ನೋಡದ ಕೋಡ್ ಗ್ರಾಹಕರ ವ್ಯವಸ್ಥೆಯೊಳಗೆ ಹೋಗದಿರಲಿ. ವ್ಯವಸ್ಥೆ ಕೆಟ್ಟು ನಿಂತ ದಿನ ಯಾರದು ತಪ್ಪು ಎಂದು ಹುಡುಕದೆ, ಏನಾಯಿತು ಎಂಬುದನ್ನು ಒಂದು ಪುಟ ಬರೆಸಿಡಿ. ಮುಂದಿನ ಬ್ಯಾಚಿಗೆ ಅದಕ್ಕಿಂತ ಒಳ್ಳೆಯ ಪಠ್ಯ ಬೇರೆಲ್ಲೂ ಸಿಗುವುದಿಲ್ಲ.

ಪ್ರಶ್ನೆ: ಕ್ಲೌಡ್ (ಇಂಟರ್ನೆಟ್ ಮೂಲಕ ಬಾಡಿಗೆಗೆ ಸಿಗುವ ಸರ್ವರ್‌ಗಳ) ಸರ್ಟಿಫಿಕೇಟ್ ಮಾಡಬೇಕೆಂದಿದ್ದೇನೆ. ಅಮೆಜಾನ್ ಒಳ್ಳೆಯದೋ, ಮೈಕ್ರೋಸಾಫ್ಟ್ ಒಳ್ಳೆಯದೋ?
*ಉಡುಪಿ*

ನಿಮ್ಮ ಈಗಿನ ಪ್ರಾಜೆಕ್ಟ್ ಯಾವುದರ ಮೇಲೆ ನಡೆಯುತ್ತಿದೆಯೋ ಅದು. ಕೆಲಸದಲ್ಲಿ ಮುಟ್ಟದ ಕ್ಲೌಡಿನ ಪ್ರಮಾಣಪತ್ರ ಮೂರು ತಿಂಗಳಲ್ಲಿ ಮರೆತುಹೋಗುತ್ತದೆ. ಅಮೆಜಾನಿನ ಪ್ರಮಾಣಪತ್ರಕ್ಕೆ 3 ವರ್ಷ ಆಯುಷ್ಯ; ಮೈಕ್ರೋಸಾಫ್ಟಿನ ಕ್ಲೌಡ್ ಆದ ಅಜೂರ್‌ನ ಮಧ್ಯಮ ಮತ್ತು ಉನ್ನತ ಹಂತದವುಗಳನ್ನು ವರ್ಷಕ್ಕೊಮ್ಮೆ ನವೀಕರಿಸಬೇಕು, ನವೀಕರಣ ಉಚಿತ. ಉಚಿತ ಖಾತೆ ತೆರೆದು ಅಭ್ಯಾಸ ಮಾಡುವಾಗ ಬಿಲ್ಲಿನ ಎಚ್ಚರಿಕೆ ಸಂದೇಶ ಬರುವಂತೆ ಮೊದಲ ದಿನವೇ ಹೊಂದಿಸಿ, ರಾತ್ರಿ ಮಲಗುವ ಮುನ್ನ ಸರ್ವರ್ ನಿಲ್ಲಿಸಿ. ಪರೀಕ್ಷಾ ಶುಲ್ಕವನ್ನು ಕಂಪನಿ ಹಿಂದಿರುಗಿಸುತ್ತದೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿ. ಅನೇಕ ಕಡೆ ಮುಂಚೆಯೇ ಅನುಮತಿ ಪಡೆದವರಿಗೆ, ಅದೂ ಪಾಸಾದರೆ ಮಾತ್ರ ಕೊಡುತ್ತಾರೆ.